ಒಂದೇ ಸೂರು, ಹಲವು ಬಾಳು

ಊರು ಬಿಟ್ಟು ಬಂದ ನಾವು ಪರಸ್ಥಳದಲ್ಲಿ ಮೊದಲು ಸಂಘ ಕಟ್ಟುತ್ತೇವೆ. ಆಮೇಲೆ ಸಂಘಕ್ಕೊಂದು ಸೂರು ಹುಡುಕುತ್ತೇವೆ. ಭಜನೆ, ನಾಟಕ, ಮಕ್ಕಳ ಕುಣಿತ ಎಲ್ಲಕ್ಕೂ ಅದೇ ಸಭಾಂಗಣ. ಇಂಥದೇ ಒಂದು ಸೂರಿನ ಚರಿತ್ರೆ ನ್ಯೂಯಾರ್ಕ್ ನಗರದಲ್ಲಿದೆ. ಅದನ್ನಿಲ್ಲಿ ವಾಚಕರ ಮುಂದಿಡುತ್ತೇವೆ.

ಅಲ್ಲಿಯ ಸೇಂಟ್ ಮಾರ್ಕ್ಸ್ ಇಗರ್ಜಿ 1799ರಲ್ಲಿ ಪ್ರತಿಷ್ಠೆಗೊಂಡಿತು. ಆ ಊರು ಡಚ್ಚರ ಕೈಯಲ್ಲಿದ್ದಾಗ ಆಳಿದ ಪೀಟರ್ ಸ್ಟೈವೆಸೆಂಟನ ಸಮಾಧಿ ಅದರಡಿಯಲ್ಲಿದೆ. ಕಾಲಕ್ರಮದಲ್ಲಿ ಆ ಪ್ರಾರ್ಥನಾಮಂದಿರ ಕಲೆಗೂ ಬಾಗಿಲು ತೆರೆಯಿತು. 1966ರಲ್ಲಿ ಕವಿಗಳ ಸಂಸ್ಥೆಯೊಂದು, 1974ರಲ್ಲಿ ಡಾನ್ಸ್‌ಸ್ಪೇಸ್ ಪ್ರಾಜೆಕ್ಟ್ ಎಂಬ, ಲಾಭದ ಆಸೆಯಿಲ್ಲದ ನೃತ್ಯಸಂಸ್ಥೆ ಅಲ್ಲಿ ನೆಲೆಯೂರಿದವು.

1978ರ ಜುಲೈ 27ರಂದು ಬೆಂಕಿ ಬಿದ್ದು ಕಟ್ಟಡ ಬಹುಮಟ್ಟಿಗೆ ಹಾಳಾಯಿತು. ನಾಗರಿಕರು ಸಮಿತಿ ಕಟ್ಟಿ ಹಣ ಕೂಡಿಸಿದರು. ವಾಸ್ತುಶಿಲ್ಪಿ ಹೆರಾಲ್ಡ್ ಎಡೆಲ್‌ಮನ್ನರ ಮೇಲ್ವಿಚಾರಣೆಯಲ್ಲಿ, ನುರಿತ ಕಸುಬುದಾರರ ಜೊತೆಗೆ ನಿಂತು ದುಡಿದವರು ತರುಣರು. ಅವರಿಗಾಗಿಯೇ ಒಂದು ಯೋಜನೆಯಿತ್ತು. ಕಟ್ಟಡವೂ ಎದ್ದಿತು, ಎಳೆಯ ಕೈಗಳಿಗೆ ಕಸುಬೂ ಹತ್ತಿತು. ಕಿಟಕಿಗಳಿಗೆ ಎಡೆಲ್‌ಮನ್ನರೇ ರೂಪಿಸಿದ ಹೊಸ ಬಣ್ಣದ ಗಾಜು ಬಂತು. 1986ರಲ್ಲಿ ಕೆಲಸ ಪೂರೈಸಿತು. ಪ್ರಾರ್ಥನೆ, ಕವಿತೆ, ನೃತ್ಯ ಮೂರೂ ಇಂದಿಗೂ ಅಲ್ಲಿ ಒಟ್ಟಿಗೆ ಬಾಳುತ್ತಿವೆ.

ಉತ್ಸವದ ದಿನ ಸಭಾಂಗಣಕ್ಕೆ ನೂರು ಯಜಮಾನರು, ಚಾವಣಿ ಸೋರುವ ದಿನ ಒಬ್ಬರೂ ಇಲ್ಲ ಎಂಬ ದೂರು ನಮ್ಮ ಸಂಘಗಳಿಗೆ ಹೊಸದಲ್ಲ. ಮಕ್ಕಳು ದೊಡ್ಡವರಾದಂತೆ ಕನ್ನಡದ ಅಂಗಳಕ್ಕೆ ಬೆನ್ನು ಮಾಡುತ್ತಾರೆಂಬ ಅಳಲೂ ಹಳೆಯದೇ. ಈ ಎರಡಕ್ಕೂ ಮದ್ದು ಒಂದೇ ಇರಬಹುದೆಂದು ನಮಗೆ ತೋರುತ್ತದೆ. ಮಕ್ಕಳನ್ನು ಕುಣಿಯಲು ಕರೆದಷ್ಟೇ ಪ್ರೀತಿಯಿಂದ, ಕುಣಿಯುವ ನೆಲವನ್ನು ಸರಿಪಡಿಸಲೂ ಕರೆಯೋಣ. ತಾನು ಕೈಯಿಟ್ಟು ಕಟ್ಟಿದ ಮನೆಯನ್ನು ಯಾರೂ ಸುಲಭವಾಗಿ ತೊರೆಯರು.