ಸೇಂಟ್ ಹೆಲೆನ್ಸ್: ಬಣ್ಣದ ಫಿಲಂನಲ್ಲಿ ಉಳಿದ ಪರ್ವತ ಕುಸಿತ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರ ಮೇ 18ರ ಬೆಳಿಗ್ಗೆ 8:32ಕ್ಕೆ, 5.1 ತೀವ್ರತೆಯ ಭೂಕಂಪದ ಬೆನ್ನಲ್ಲೇ ಸ್ಫೋಟಿಸಿದಾಗ, ಈಶಾನ್ಯಕ್ಕೆ ಸುಮಾರು 18 ಕಿ.ಮೀ. ದೂರದ ಬೇರ್ ಮೆಡೋದಲ್ಲಿದ್ದ ಹವ್ಯಾಸಿ ಛಾಯಾಗ್ರಾಹಕ ಗ್ಯಾರಿ ರೋಸೆನ್‌ಕ್ವಿಸ್ಟ್ ಆ ದೃಶ್ಯವನ್ನು ಬಣ್ಣದ ಫಿಲಂನಲ್ಲಿ ಒಂದರ ಹಿಂದೊಂದರಂತೆ ಸೆರೆಹಿಡಿದರು. ಆರಂಭದ ಚಿತ್ರಗಳಲ್ಲಿ ಪರ್ವತದ ಉತ್ತರದ ಇಳಿಜಾರು ಕಳಚಿ ಜಾರುವುದೂ, ಮುಂದಿನವುಗಳಲ್ಲಿ ಮೇಲಿನ ಭಾರ ಇಳಿದೊಡನೆ ಒಳಗಿನ ಅನಿಲ ಮತ್ತು ಬೂದಿ ಪಕ್ಕಕ್ಕೆ ಚಿಮ್ಮುವ ಪಾರ್ಶ್ವಸ್ಫೋಟವೂ ಕಾಣುತ್ತವೆ. ಇವುಗಳ ನೆರವಿನಿಂದ ಭೂವಿಜ್ಞಾನಿಗಳು ಕುಸಿತದ ಅನುಕ್ರಮವನ್ನು ಮರುರೂಪಿಸಿದರು.

ಬಣ್ಣದ ಫಿಲಂನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆಬೇರೆಯಾಗಿ ಸ್ಪಂದಿಸುವ ಎಮಲ್ಷನ್, ಅಂದರೆ ಬೆಳಕುಗ್ರಾಹಿ ಲೇಪನದ, ಪದರಗಳಿರುತ್ತವೆ. ಎತ್ತರದ ಪ್ರದೇಶಗಳಲ್ಲಿ ಹೆಚ್ಚಿರುವ ಅತಿನೇರಳೆ ಕಿರಣಗಳು ನೀಲಿ ಪದರವನ್ನು ತಾಗಿ ದೂರದ ಶಿಖರಗಳಿಗೆ ನೀಲಿ ಮಬ್ಬು ಕವಿಸುವುದರಿಂದ, ಮಸೂರದ ಮುಂದೆ ಅವುಗಳನ್ನು ತಡೆಯುವ ಫಿಲ್ಟರ್ ಅಳವಡಿಸುವುದು ವಾಡಿಕೆ. ಜ್ವಾಲಾಮುಖಿಯ ಬೂದಿಯು ಕಟ್ಟಿಗೆಯ ಬೂದಿಯಂತೆ ಮೆದುವಲ್ಲ. ಗಾಜು ಮತ್ತು ಬಂಡೆಯ ಚೂಪಾದ ಆ ಕಣಗಳು ಕ್ಯಾಮೆರಾದೊಳಗೆ ಸೇರಿದರೆ, ಸುರುಳಿ ಮುಂದೆ ಸರಿದಂತೆಲ್ಲ ಫಿಲಂನುದ್ದಕ್ಕೂ ಗೀರು ಬೀಳುತ್ತದೆ.

ಸ್ಫೋಟದ ಬಳಿಕ ಪರ್ವತದ ಎತ್ತರ 2,950 ಮೀಟರಿನಿಂದ ಸುಮಾರು 2,550 ಮೀಟರಿಗೆ ಇಳಿಯಿತು.