ಇಸ್ತ್ರಿಪೆಟ್ಟಿಗೆ ನಡೆದು ಬಂದ ದಾರಿ

ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಕಿಡಿ ಹಾರಿ ಬಟ್ಟೆ ತೂತಾಗುವುದನ್ನು ನಮ್ಮ ಹಿರಿಯರು ಬಲ್ಲರು. ವಿದ್ಯುತ್ ಪೆಟ್ಟಿಗೆಗೆ 1882ರಲ್ಲಿ ಅಮೆರಿಕದ ಹೆನ್ರಿ ಸೀಲಿ ಪೇಟೆಂಟ್ ಪಡೆದರು. ಕಿಡಿಯ ಕಾಟ ತಪ್ಪಿತು, ಬೆಂಕಿಯ ಭಯ ತಪ್ಪಲಿಲ್ಲ. ಮೊದಮೊದಲ ಪೆಟ್ಟಿಗೆಗಳಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಮರೆತರೆ ಬಟ್ಟೆಯ ಜೊತೆಗೆ ಮೇಜೂ ಸುಡುತ್ತಿತ್ತು.

1920ರ ದಶಕದಲ್ಲಿ ಥರ್ಮೋಸ್ಟಾಟ್ ಬಂತು. ಬೆಸೆದ ಎರಡು ಲೋಹಗಳ ಪಟ್ಟಿ ಕಾದಾಗ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. 1926ರಲ್ಲಿ ನ್ಯೂಯಾರ್ಕಿನಲ್ಲಿ ಮನೆಬಳಕೆಯ ಹಬೆಪೆಟ್ಟಿಗೆ ಮಾರಾಟಕ್ಕೆ ಬಂತು.

ತುಂಡುಬಟ್ಟೆ ಜೋಡಿಸಿ ಹೊಲಿಯುವವರಿಗೆ ಹಬೆ ಅನುಕೂಲ. ಆದರೆ ಒದ್ದೆ ಬಟ್ಟೆಯನ್ನು ಉಜ್ಜಿದರೆ ಹಿಗ್ಗುತ್ತದೆ. ಎತ್ತಿ ಎತ್ತಿ ಒತ್ತಬೇಕು. ಗಡಸು ನೀರು ಹಾಕಿದರೆ ಸುಣ್ಣ ಕಟ್ಟಿ ರಂಧ್ರಗಳು ಮುಚ್ಚುತ್ತವೆ.

ಮಕ್ಕಳೇ, ಥರ್ಮೋಸ್ಟಾಟ್ ಶಾಖಕ್ಕೆ ಮಿತಿ ಹಾಕುತ್ತದೆಯೇ ಹೊರತು ಪೆಟ್ಟಿಗೆಯನ್ನು ಪೂರ್ತಿ ಆರಿಸುವುದಿಲ್ಲ. ಕೆಲಸ ಮುಗಿದೊಡನೆ ಸ್ವಿಚ್ ಆರಿಸಿ, ಪ್ಲಗ್ ಕೀಳಿ.