ಗಂಗಾವತಿಯ ಗದ್ದೆಯ ಪಾಚಿಯೂ ನೈಟ್ರೇಟಿನ ಪರಿವರ್ತನೆಯೂ

1997ರಲ್ಲಿ ಕೊಪ್ಪಳ ಜಿಲ್ಲೆಯು ಏರ್ಪಟ್ಟಾಗ ಅದರೊಳಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕಡೆಯ ಎರಡು ಬಹುಮಟ್ಟಿಗೆ ಮಳೆಯನ್ನೇ ನಂಬಿದುವು. ಗಂಗಾವತಿಯಾದರೋ ವಿಜಯನಗರದ ಅರಸರ ಕಾಲುವೆಗಳಿಂದಲೂ, 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾದ ಮೇಲೆ ಎಡದಂಡೆಯ ಕಾಲುವೆಯಿಂದಲೂ ಬತ್ತದ ನಾಡಾಗಿ ಬೆಳೆದುದು. ಇಂತಹ ಗದ್ದೆಗಳಲ್ಲಿ ನಿಂತ ನೀರಿನ ಮೇಲೆ ನೀಲಹರಿತ ಪಾಚಿ ಕಟ್ಟುವುದು ಒಕ್ಕಲಿಗರಿಗೆ ಹೊಸ ಸಂಗತಿಯಲ್ಲ. ಈ ಪಾಚಿಯು ನೆಲಕ್ಕೆ ಸಾರವನ್ನು ಕೊಡುತ್ತದೆಂಬ ಮಾತು ರೂಢಿಯಲ್ಲಿದೆ. ಆ ಮಾತಿನಲ್ಲಿ ಎರಡು ಬೇರೆ ಕಾರ್ಯಗಳು ಬೆರೆತುಹೋಗಿವೆಯೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಗಾಳಿಯ ಸಾರಜನಕವನ್ನು ಹಿಡಿಯುವ ಕಾರ್ಯ. ಬತ್ತದ ಗದ್ದೆಯ ಪಾಚಿಗೆ ಈ ಶಕ್ತಿಯುಂಟೆಂಬುದನ್ನು ಪಿ. ಕೆ. ಡೇ ಅವರು 1939ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು. 1950ರಲ್ಲಿ ಆರ್. ಎನ್. ಸಿಂಗ್ ಅವರು ಉತ್ತರ ದೇಶದ ಸವುಳು ನೆಲಗಳ ಉದ್ಧಾರಕ್ಕೆ ಪಾಚಿಯನ್ನು ಸೂಚಿಸಿದರು. ಪಾಚಿಯ ಕೀರ್ತಿಯೆಲ್ಲವೂ ಇದರಿಂದಲೇ ಬಂದುದು.

ಎರಡನೆಯದು ನೀರಿನಲ್ಲಿ ಕರಗಿರುವ ನೈಟ್ರೇಟನ್ನು ಅಮೋನಿಯವಾಗಿ ಮಾರ್ಪಡಿಸುವ ಕಾರ್ಯ. ಇದರ ಮರ್ಮವು ತಿಳಿದುದು ತಡವಾಗಿ. ಬೆಳಕಿನ ಬಲದಿಂದ ನೀರಿನಿಂದ ಬಿಡಿಸಿದ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ, ಕಬ್ಬಿಣ ಗಂಧಕಗಳಿಂದ ಕೂಡಿದ ಫೆರಿಡಾಕ್ಸಿನ್ ಎಂಬ ಸಣ್ಣ ಪ್ರೋಟೀನನ್ನು 1962ರಲ್ಲಿ ಟಗಾವ, ಆರ್ನನ್ ಎಂಬುವರು ಬಸಲೆಯಂತಹ ಸ್ಪಿನಾಚ್ ಸೊಪ್ಪಿನಿಂದ ಪಡೆದು ಪರಿಶೀಲಿಸಿದರು. 1976ರಲ್ಲಿ ಸ್ಪೇನಿನ ಲೊಸಾದರೂ ಅವರ ಸಂಗಡಿಗರೂ ಅನಾಸಿಸ್ಟಿಸ್ ಎಂಬ ಪಾಚಿಯ ಕಣಗಳಲ್ಲಿ ನೈಟ್ರೇಟಿನ ಪರಿವರ್ತನೆಗೆ ಈ ವಾಹಕವೇ ಆಧಾರವೆಂದು ಕಂಡರು. ಮಾಲಿಬ್ಡಿನಮ್ಮುಳ್ಳ ಮೊದಲನೆಯ ಕಿಣ್ವವು 2 ಎಲೆಕ್ಟ್ರಾನುಗಳಿಂದ ನೈಟ್ರೇಟನ್ನು ನೈಟ್ರೈಟಾಗಿಯೂ, ಎರಡನೆಯ ಕಿಣ್ವವು 6 ಎಲೆಕ್ಟ್ರಾನುಗಳಿಂದ ಅದನ್ನು ಅಮೋನಿಯವಾಗಿಯೂ ಮಾಡುತ್ತದೆ. ಎರಡಕ್ಕೂ ಎಲೆಕ್ಟ್ರಾನುಗಳನ್ನು ಒದಗಿಸುವುದು ಫೆರಿಡಾಕ್ಸಿನ್ನೇ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಅನಾಸಿಸ್ಟಿಸಿಗೆ ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿಯೇ ಇಲ್ಲ. ಆದುದರಿಂದ ಎರಡು ಕಾರ್ಯಗಳೂ ಬೇರೆಯೆಂಬುದು ಸಿದ್ಧ. ಮೊದಲನೆಯದು ನೆಲಕ್ಕೆ ಗಳಿಕೆ. ಎರಡನೆಯದು ಬರಿಯ ರಕ್ಷಣೆ. ನಿಂತ ನೀರಿನ ಗದ್ದೆಯಲ್ಲಿ ನೈಟ್ರೇಟು ಅನಿಲವಾಗಿ ಹಾರಿಯೋ, ನೀರಿನೊಡನೆ ಹರಿದೋ ನಷ್ಟವಾಗುತ್ತದೆ. ಪಾಚಿಯು ಹೀರಿದಷ್ಟು ಅದರ ಮೈಯಲ್ಲಿ ಉಳಿದು, ಅದು ಕೊಳೆತಾಗ ಮಣ್ಣಿಗೆ ಮರಳುತ್ತದೆ.

ಆದರೆ ನೀರಿನಲ್ಲಿ ಅಮೋನಿಯವು ಹೇರಳವಾಗಿದ್ದರೆ ಪಾಚಿಯು ಈ ಎರಡು ಕಾರ್ಯಗಳನ್ನೂ ಕೈಬಿಡುತ್ತದೆ. ಯೂರಿಯಾ ಕರಗಿ ಅಮೋನಿಯವಾಗುವುದಷ್ಟೆ. ಹೀಗಿರಲು, ಯೂರಿಯವನ್ನು ಯಥೇಚ್ಛವಾಗಿ ಚೆಲ್ಲಿ, ಪಾಚಿಯಿಂದಲೂ ಲಾಭವನ್ನು ನಿರೀಕ್ಷಿಸುವುದು ಸಲ್ಲದು. ಗಂಗಾವತಿಯ ಗದ್ದೆಯ ಲೆಕ್ಕವನ್ನು ಬರೆಯುವವರು ಗಳಿಕೆಯನ್ನೂ ರಕ್ಷಣೆಯನ್ನೂ ಬೇರೆಬೇರೆಯಾಗಿ ಎಣಿಸುವುದು ಯುಕ್ತ.